ಚೆನ್ನವ್ವನ ಸಹಿ

ಹೊಳೆಯ ದಂಡೆಯ ಆ ಸಣ್ಣ ಮಠಕ್ಕೆ ಮಡಿವಾಳಪ್ಪ ಎಷ್ಟೋ ವರ್ಷದಿಂದ ಪ್ರತಿ ರವಿವಾರ ಪಾಠ ಕೇಳಲು ಬರುತ್ತಿದ್ದ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಕೆಲಸ ಅವನದು. ಎಂಟಕ್ಕೆ ಪಾಠ ಅಂದರೆ ಐದು ನಿಮಿಷ ಮೊದಲೇ ಗುರುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುವ ಶಿಷ್ಯ. ಅಂಥವರು ಸಿಗುವುದು ಕಷ್ಟ ಬಿಡಿ.

ಆ ರವಿವಾರ ಮಾತ್ರ ತಡವಾಗಿ ಬಂದ. ಬಂದವನು ನಿಂತೇ ಇದ್ದ.

"ಕುಂಡ್ರು" ಅಂದರು ಗುರುಗಳು.

"ಕುಂಡ್ರಾಕ ಮನಸಿಲ್ರಿ, ಅಜ್ಜಾರ. ನಿಮ್ಮ ಆಶೀರ್ವಾದ ಬೇಕಾಗೇತಿ. ಮಗಳನ್ನ ಹಾಸ್ಟೆಲಿಗೆ ಹಾಕ್ತೀನ್ರಿ. ಅರ್ಜಿ ತುಂಬೀನಿ. ಬುಧವಾರ ಕಡೀ ದಿನ."

ಮಗಳು ದಾನಮ್ಮ, ಆರನೇ ಕ್ಲಾಸು. ಶ್ರಾವಣದಲ್ಲಿ ಅವಳ ತಾಯಿ ಚೆನ್ನವ್ವ ಮೂರೇ ದಿನದ ಜ್ವರಕ್ಕೆ ತೀರಿಕೊಂಡಿದ್ದಳು. ಮನೆಯಲ್ಲಿ ಈಗ ಅಪ್ಪ, ಮಗಳು ಇಬ್ಬರೇ. ಅವಳೂ ಹೋದರೆ ಇವನು ಯಾರ ಮುಖ ನೋಡಬೇಕು? ಸಿಟ್ಟಿನಲ್ಲಿ ಅದೆಲ್ಲ ಯಾರಿಗೆ ನೆನಪಾಗುತ್ತದೆ ಹೇಳಿ.

"ಏನ್ ಮಾಡ್ಯಾಳ ಕೂಸು?"

ಮಡಿವಾಳಪ್ಪ ಅಂಗಿ ಜೇಬಿನಿಂದ ಮಾರ್ಕ್ಸ್ ಕಾರ್ಡು ತೆಗೆದ.

"ಗಣಿತದಾಗ ಐವತ್ತಕ್ಕ ಹನ್ನೆರಡ್ರಿ. ಕ್ಲಾಸಿಗೇ ಮುಂದಿದ್ದ ಹುಡುಗಿ. ನಾ ಏನ್ ಕಡಿಮಿ ಮಾಡೀನಿ? ಟ್ಯೂಷನ್ ಹಚ್ಚೀನಿ. ಯಾವ ತಾಸಿಗೆ ಏನು ಓದ್ಬೇಕಂತ ಟೈಮ್ ಟೇಬಲ್ ಬರದು ಆಕಿ ಕಣ್ಣ ಮುಂದನ ಗ್ವಾಡಿಗೆ ತೂಗಹಾಕೀನಿ. ಇಷ್ಟು ಮಾಡಿದ್ರೂ ಈ ಕೆಲಸ ಮಾಡ್ಯಾಳ."

"ಯಾವ ಕೆಲಸ?"

"ಪಾಲಕರ ಸಹಿ ಅಂತ ಇರ್ತೈತಲ್ರಿ. ನನಗ ತೋರಿಸದನ ತಾನ ಸಹಿ ಹಾಕ್ಯಾಳ. ಅದೂ ಅವ್ವನ ಹೆಸರಿಲೆ. ಹೆಡ್ ಮಾಸ್ತರು ಕರದು ತೋರಿಸಿದಾಗ ತಲಿ ಎತ್ತಾಕ ಆಗ್ಲಿಲ್ಲ ನನಗ. ಸತ್ತಾಕಿ ಹೆಸರಿಲೆ ಸುಳ್ಳು. ಬದುಕಿದ್ದಾಗಾದ್ರೂ ಆಕಿಗೆ ಸಹಿ ಎಲ್ಲಿ ಬರ್ತಿತ್ತು? ಹೆಬ್ಬೆಟ್ಟು ಒತ್ತಾಕಿ ಆಕಿ."

ಗುರುಗಳು ಕಾರ್ಡು ತೆಗೆದುಕೊಳ್ಳಲಿಲ್ಲ. "ಕಣ್ಣು ಮಂಜಾಗ್ಯಾವ. ನೀನ ಓದು."

ಅವನು ಒಂದೊಂದೇ ವಿಷಯದ ಅಂಕ ಓದಿದ.

"ಇನ್ನೂ ಓದು."

ಹಾಜರಿ ಓದಿದ. ಮಾಸ್ತರರ ಷರಾ ಓದಿದ.

"ಇನ್ನೂ ಐತಿ. ಓದು."

"ಇನ್ನೇನಿಲ್ರಿ. ಜುಲೈ ಪರೀಕ್ಷೆದು ಮ್ಯಾಲಿನ ಸಾಲಿನ್ಯಾಗ ಐತಿ. ಅದು ಹಳೇದು."

"ಹಳೇದನ್ನೂ ಓದು."

ಜುಲೈ ಸಾಲಿನಲ್ಲಿ ಗಣಿತಕ್ಕೆ ನಲವತ್ತಾರು ಇತ್ತು. ಪಕ್ಕದಲ್ಲಿ ಪಾಲಕರ ಸಹಿ. ಓದುತ್ತಿದ್ದ ಮಡಿವಾಳಪ್ಪ ಅಲ್ಲಿಗೆ ನಿಂತ.

ಅಲ್ಲಿಯೂ ಚೆನ್ನವ್ವ ಎಂದೇ ಇತ್ತು; ಅದನ್ನೂ ಮೆಲ್ಲಗೆ ಓದಿದ. ಅಕ್ಷರಗಳು ದೊಡ್ಡವು, ಒತ್ತಿ ಒತ್ತಿ ಬರೆದಂಥವು. ನಕಾರಕ್ಕೆ ಒತ್ತು ಕೊಡುವುದು ಮರೆತು, ಆಮೇಲೆ ನೆನಪಾಗಿ, ಕೆಳಗೆ ಬೇರೆಯಾಗಿ ಸೇರಿಸಿದ್ದರು. ಈಗಿನ ಕಳ್ಳ ಸಹಿಯಲ್ಲೂ ಒತ್ತು ಅಲ್ಲೇ, ಹಾಗೇ ದೂರ ನಿಂತಿತ್ತು.

"ಜುಲೈದಾಗ ಚೆನ್ನವ್ವ ಇದ್ಲು" ಅಂದರು ಗುರುಗಳು.

"ಹೌದ್ರಿ."

"ಆಕಿಗೆ ಬರಿಯಾಕ ಯಾರು ಕಲಿಸಿದ್ರು?"

ಹದಿನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಗೆ ಅಕ್ಷರ ಬರುತ್ತಿತ್ತು ಅನ್ನುವುದೇ ಮಡಿವಾಳಪ್ಪನಿಗೆ ಈಗ ಗೊತ್ತಾದದ್ದು.

"ಹೋಗಿ ಕೇಳು. ಮಾರ್ಕ್ಸಿನ ಮಾತು ಎತ್ತಬ್ಯಾಡ."

ಮನೆಗೆ ಬಂದಾಗ ದಾನಮ್ಮ ಟೈಮ್ ಟೇಬಲ್ ಕೆಳಗೆ ಪುಸ್ತಕ ತೆರೆದು ಕೂತಿದ್ದಳು. ಅಪ್ಪನ ಚಪ್ಪಲಿಯ ಸದ್ದಿಗೆ ಪುಟ ತಿರುವಿದಳು. ಓದುತ್ತಿಲ್ಲ ಎಂಬುದು ಅವನಿಗೆ ತಿಳಿಯಿತು. ಎಂದಿನಂತೆ ಬೈಯುವುದಕ್ಕೆ ಬಾಯಿ ಬರಲಿಲ್ಲ.

ಎದುರಿಗೆ ಕೂತು ಕೇಳಿದ. "ಅವ್ವಗ ಸಹಿ ಯಾರ ಕಲಿಸಿದ್ರವ್ವಾ?"

ಹುಡುಗಿ ಪುಸ್ತಕ ಮುಚ್ಚಿದಳು.

"ನಾನು" ಅಂದಳು. "ನಾ ಎರಡನೇ ಕ್ಲಾಸಿದ್ದಾಗಿಂದ. ಅವ್ವ ರೊಟ್ಟಿ ಬಡಿಯುಮುಂದ ನಾ ಸಾಲ್ಯಾಗ ಕಲ್ತಿದ್ದೆಲ್ಲ ಹೇಳ್ತಿದ್ದೆ. ಅವ್ವ ಬಾಳ ಪ್ರಶ್ನೆ ಕೇಳ್ತಿದ್ಲು. ಆಕಿಗೆ ತಿಳಿಯೋ ಹಂಗ ಹೇಳಾಕ ನಾ ಮೊದಲ ಚಲೋತ್ನ್ಯಾಗ ಓದ್ಬೇಕಾಗ್ತಿತ್ತು."

"ನನಗ್ಯಾಕ ಹೇಳ್ಲಿಲ್ಲ?"

"ನಿನಗ ಪತ್ರ ಬರೀತೀನಿ ಅಂದಿದ್ಲು. ಪೂರ್ತಿ ಕಲ್ತ ಮ್ಯಾಲೆ. ಒತ್ತಕ್ಷರ ಬಂದಿರ್ಲಿಲ್ಲ ಆಕಿಗೆ."

ಮಡಿವಾಳಪ್ಪ ಕಣ್ಣು ಒರೆಸಿಕೊಂಡ. "ಮತ್ತ ಈ ಸಲ ಅವ್ವನ ಸಹಿ ಯಾಕ ಹಾಕಿದಿ?"

ದಾನಮ್ಮ ತಲೆ ಎತ್ತಿ ಗೋಡೆಯ ಕಡೆ ನೋಡಿದಳು. ಟೈಮ್ ಟೇಬಲನ್ನು ಅವನು ಮಕ್ಕಳು ಅಕ್ಷರ ತಿದ್ದುವ ಒಂದು ಪಾಟಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದು ತೂಗುಹಾಕಿದ್ದ. ಒಲೆಯ ಹಿಂದಿನ ಗೂಡಿನಲ್ಲಿ ಸಿಕ್ಕ ಹಳೆಯ ಪಾಟಿ. ಅದರ ಮೇಲೆ ಯಾರೋ ಏನೋ ಗೀಚಿದ್ದರು. ಒದ್ದೆ ಬಟ್ಟೆಯಿಂದ ಉಜ್ಜಿ ಸ್ವಚ್ಛ ಮಾಡಿ ಬರೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

"ಅದು ಅವ್ವನ ಪಾಟಿ" ಅಂದಳು. "ಜ್ವರ ಬರೋ ಹಿಂದಿನ ದಿನ ನನ್ನ ಹೆಸರು ಬರಿಯಾಕತ್ತಿದ್ಲು. ದಾನ ಅನ್ನೂತನಕ ಬರದಿದ್ಲು. ಉಳಿದದ್ದು ನಾಳಿ ಕಲಿಸು ಅಂದ್ಲು."

ಮಡಿವಾಳಪ್ಪ ಪಾಟಿಯ ಕಡೆ ನೋಡಿದ.

"ನೀ ಒರಸಿಬಿಟ್ಟಿ. ಅವ್ವನ ಅಕ್ಷರ ಹೆಂಗಿದ್ವು ಅನ್ನೋದು ನನಗ ಮರತು ಹೋಗ್ತೈತೇನೋ ಅಂತ ಹೆದರಿಕಿ ಆತಪ್ಪಾ. ಅದಕ್ಕ ಬರದೆ."

ಅವನು ಮಗಳನ್ನು ಹತ್ತಿರ ಎಳೆದುಕೊಳ್ಳಲು ಕೈ ಚಾಚಿದ. ಅವಳು ಬರಲಿಲ್ಲ. ಎದ್ದು ಒಳಗೆ ಹೋದಳು. ಹೆಂಡತಿ ಸತ್ತಾಗ ಬಾರದ ಅಳು ಅವನಿಗೆ ಆಗ ಬಂತು.

ಮರುದಿನ ಡಿಪೋಕ್ಕೆ ರಜೆ ಹಾಕಿ ಮಠಕ್ಕೆ ಹೋದ. ಗುರುಗಳಿಗೆ ಎಲ್ಲ ಹೇಳಿದ.

ಗುರುಗಳು ಹೊಳೆಯ ಕಡೆ ನೋಡುತ್ತ ಕೂತಿದ್ದರು. ಅವರ ಕಣ್ಣೂ ಒದ್ದೆಯಾಗಿದ್ದವು.

"ಅರ್ಜಿ ಹರದು ಹಾಕಿದೆ, ಅಜ್ಜಾರ. ಪಾಟಿ ಇಳಿಸಿ ಆಕಿ ಕೈಗೆ ಕೊಟ್ಟೆ. ತಗೊಂಡು ಒಳಗ ಹೋದ್ಲು. ಒರಸಿದ್ದನ್ನ ಎಲ್ಲಿಂದ ತಂದು ಕೊಡ್ಲಿ ನಾನು?"

"ಕೊಡಾಕ ಆಗೂದಿಲ್ಲ."

"ಆಕಿ ಹಿಂಗ ಹಿಂದ ಬಿದ್ರ ನೋಡಾಕ ಆಗೂದಿಲ್ರಿ ನನಗ. ಪ್ಯಾಟ್ಯಾಗ ಇನ್ನೊಬ್ರು ಮಾಸ್ತರು ಅದಾರಂತ, ಮಕ್ಕಳಿಗೆ ಬಾಳ ಪ್ರೀತಿಲೆ ಹೇಳಿಕೊಡ್ತಾರಂತ. ಅವರನ್ನ ಕೇಳ್ಲೇನ್ರಿ?"

ಗುರುಗಳು ಇಲ್ಲವೆಂದು ತಲೆಯಾಡಿಸಿದರು.

"ಮಾಸ್ತರರು ಆಕಿಗೆ ಬೇಕಾದಷ್ಟು ಮಂದಿ ಅದಾರೋ, ಮಡಿವಾಳಪ್ಪ. ಆಕಿ ಕಳಕೊಂಡಿದ್ದು ತನ್ನ ಶಿಷ್ಯಳನ್ನ. ಇನ್ನ ಮ್ಯಾಲೆ ರವಿವಾರ ನನ್ನ ಕಡೆ ಬರಬ್ಯಾಡ. ಹೋಗಿ ಆಕಿ ಮುಂದ ಕುಂಡ್ರು, ತಿಳೀಲಿಲ್ಲ ಅನ್ನು."