ಗುರುಗಳ ಹೊಟ್ಟೆಯೊಳಗಿನ ಕೊಳವೆ

ವೇದಾವತಿಯ ದಂಡೆಯ ಆಶ್ರಮದಲ್ಲಿ ಬೋಧಾನಂದರಿಗೆ ಮತ್ತೆ ಜ್ವರ ಬಂದಿತ್ತು.

ಅವರ ಶಿಷ್ಯ ವಾಮದೇವ ರಕ್ತನಾಳಗಳ ಸರ್ಜನ್. ಹಿಂದಿನ ವರ್ಷ ಗುರುಗಳ ಹೊಟ್ಟೆಯೊಳಗಿನ ಮಹಾಧಮನಿ ಬಲೂನಿನಂತೆ ಉಬ್ಬಿ, ಇನ್ನೇನು ಒಡೆಯುತ್ತದೆ ಎನ್ನುವಾಗ ರಕ್ತ ಹರಿಯಲು ಅಲ್ಲಿಗೆ ಬಟ್ಟೆಯ ಕೃತಕ ಕೊಳವೆ ಹೊಲಿದು ಜೀವ ಉಳಿಸಿದವನು ಅವನೇ. ಆಶ್ರಮದವರೆಲ್ಲ ಅವನನ್ನು ಹಾಡಿ ಹೊಗಳಿದ್ದರು.

ಈಗ ಮಾತ್ರೆ ಕೊಟ್ಟರೆ ಜ್ವರ ಇಳಿಯುತ್ತಿತ್ತು, ನಿಲ್ಲಿಸಿದರೆ ಏರುತ್ತಿತ್ತು. ಸೊಂಟನೋವು ಬೇರೆ.

“ಸ್ಕ್ಯಾನಿನಲ್ಲಿ ಏನು ಕಂಡಿತಪ್ಪಾ?” ಗುರುಗಳು ಕೇಳಿದರು.

“ಅಂಥದ್ದೇನಿಲ್ಲ ಗುರುಗಳೇ. ಇನ್ನೊಂದು ವಾರ ಮಾತ್ರೆ ತಗೊಳ್ಳಿ.”

ಗುರುಗಳು ಅವನ ಕೈ ಹಿಡಿದು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡರು. ಬಿಡಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು.

“ಈಗ ಹೇಳು.”



“ಕೊಳವೆಯ ಸುತ್ತ ಕೀವು ಕಂಡಿದೆ. ಗಾಳಿಯ ಗುಳ್ಳೆಗಳೂ ಇವೆ. ಆದರೆ ನಾನು ಅಷ್ಟು ಶುದ್ಧವಾಗಿ ಮಾಡಿದ್ದೆ ಗುರುಗಳೇ! ಅಲ್ಲಿ ಸೋಂಕು ತಗಲೋಕೆ ಸಾಧ್ಯವೇ ಇಲ್ಲ.”

“ಬೇರೆ ಡಾಕ್ಟರು ಹಾಕಿದ್ದ ಕೊಳವೆಯಾಗಿದ್ದರೆ?”

“ಇವತ್ತೇ ತೆಗೆಯಬೇಕು ಅಂತಿದ್ದೆ.”

“ಹಾಗಾದರೆ ಇದನ್ನೂ ಅವರೇ ಹಾಕಿದ್ದು ಅಂದುಕೋ. ಕಾರು ತೆಗಿ.”

“ತೆಗೆಯುವಾಗ ತಮ್ಮ ಪ್ರಾಣವೇ ಹೋಗಬಹುದು!”

“ತೆಗೆಯದಿದ್ದರೆ?”

ವಾಮದೇವ ಎದ್ದು ಹೋಗಿ ಕಾರಿನ ಬಾಗಿಲು ತೆರೆದ.

ಆಪರೇಷನ್ನಿಗೆ ತನಗಿಂತ ಹಿರಿಯ ಸರ್ಜನ್ ಒಬ್ಬರನ್ನು ಬೇಡಿಕೊಂಡು ಜೊತೆಗೆ ಕರೆತಂದ. ಹೊಟ್ಟೆ ತೆರೆದು ನೋಡಿದರೆ, ತಾನೇ ಹೊಲಿದಿದ್ದ ಬಿಳಿ ಕೊಳವೆ ಕೀವಿನಲ್ಲಿ ನೆನೆದು ಕೂತಿತ್ತು. ಒಂದು ಕಡೆ ಹೊಲಿಗೆ ಬಿಡುವುದರಲ್ಲಿತ್ತು. ಮಾತ್ರೆ ನುಂಗಿಸುತ್ತ ಇನ್ನೊಂದು ವಾರ ಕಾದಿದ್ದರೆ ಅದು ಕಿತ್ತುಕೊಂಡೇ ಬಿಡುತ್ತಿತ್ತು.

ನಡುವೆ ಗುರುಗಳ ರಕ್ತದೊತ್ತಡ ಕುಸಿಯಿತು. ವಾಮದೇವ ಹಲ್ಲುಕಚ್ಚಿ ಕೆಲಸ ಮುಂದುವರಿಸಿದ. ಕೊಳವೆಯನ್ನು ಪೂರ್ತಿ ತೆಗೆದು, ಕೊಳೆತದ್ದನ್ನೆಲ್ಲ ಕೆರೆದು ತೊಳೆದು, ಗುರುಗಳ ತೊಡೆಯಿಂದಲೇ ದಪ್ಪ ರಕ್ತನಾಳವೊಂದನ್ನು ಬಿಡಿಸಿ ಆ ಜಾಗಕ್ಕೆ ಹೊಲಿದ.

ಕೆಲವು ದಿನ ಯಾರಿಗೂ ಭರವಸೆಯಿರಲಿಲ್ಲ. ವಾಮದೇವ ಮನೆಗೂ ಹೋಗಲಿಲ್ಲ.

ಕೊನೆಗೊಂದು ಬೆಳಿಗ್ಗೆ ಗುರುಗಳು ಎದ್ದು ಕೂತು ಗಂಜಿ ಕುಡಿದರು.

ವಾಮದೇವ ಅವರ ಕಾಲು ಮುಟ್ಟಿದ. ಸಂತೋಷಕ್ಕೆ ಅವನ ದನಿ ಏರಿತ್ತು.

“ಇನ್ನು ಚಿಂತೆಯಿಲ್ಲ ಗುರುಗಳೇ. ಈ ಸಲ ಹಾಕಿರೋದು ತಮ್ಮದೇ ರಕ್ತನಾಳ. ಇದು ಕೆಡೋ ಮಾತೇ ಇಲ್ಲ!”

ಗುರುಗಳು ಲೋಟ ಕೆಳಗಿಟ್ಟು ಅವನನ್ನೇ ದಿಟ್ಟಿಸಿದರು.

“ಇವತ್ತು ಜ್ವರ ನೋಡಿದೆಯೇನಪ್ಪಾ?”