ನಾಯಿ ಹೋದ ದಾರಿಯ ವ್ರತ

ಮೇಣದಬತ್ತಿ ಹಚ್ಚಿಯಾಯಿತು, ಶಿಲುಬೆಯ ಗುರುತು ಹಾಕಿಯಾಯಿತು. ಇನ್ನು ಎಲ್ಲರೂ ಒಂದೊಂದು ತುಂಡು ಪಾವುರೊಟ್ಟಿ ಕೈಯಲ್ಲಿ ಹಿಡಿದು, ಕತೆ ಮುಗಿಯುವ ತನಕ ಬಾಯಿಗೆ ಹಾಕದೆ ಕೇಳಿರಿ.

ಸಮುದ್ರದ ದಂಡೆಯಲ್ಲಿ ಹೊನ್ನಳಿವೆ ಎಂಬ ಪಟ್ಟಣವಿತ್ತು. ಅದರ ಪಾಲಕರು ಸಂತ ರೋಕರು. ಆ ಪುಣ್ಯಾತ್ಮರು ಪ್ಲೇಗಿನವರ ಆರೈಕೆ ಮಾಡಿ, ತಮಗೇ ಪ್ಲೇಗು ತಗಲಿ, ಕಾಡು ಸೇರಿ ಮಲಗಿದ್ದಾಗ, ಒಂದು ನಾಯಿ ತನ್ನ ಯಜಮಾನನ ಮೇಜಿನಿಂದ ದಿನವೂ ಪಾವು ಕಚ್ಚಿ ಒಯ್ದು ಅವರಿಗೆ ಕೊಡುತ್ತಿತ್ತು. ಇದು ಹೋಗುವುದಾದರೂ ಎಲ್ಲಿಗೆ ಎಂಬ ಕುತೂಹಲ ತಡೆಯಲಾರದೆ ಯಜಮಾನ ಹಿಂದೆ ಹೋದದ್ದರಿಂದ ಸಂತರು ಬದುಕಿದರು. ಆದಕಾರಣ ಹೊನ್ನಳಿವೆಯವರು ಒಂಬತ್ತು ದಿನ ನೊವೆನಾ ಪ್ರಾರ್ಥನೆ ನಡೆಸಿ, ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಪಾವನ್ನು ಮನೆಬಾಗಿಲಿಗೆ ಬಂದ ನಾಯಿಗೆ ಮೊದಲು ಕೊಡುತ್ತಿದ್ದರು. ನಾಯಿ ಅಲ್ಲೇ ತಿಂದರೆ ಸರಿ. ತಿನ್ನದೆ ಒಯ್ದರೆ ಮನೆಯವರೊಬ್ಬರು ಬರಿಗಾಲಲ್ಲಿ ಕೊನೆಯ ತನಕ ಹಿಂಬಾಲಿಸಬೇಕು. ನಗಬೇಡಿ, ನಿಮ್ಮಲ್ಲಿ ಎಷ್ಟು ಮಂದಿ ಹಾಗೆ ಹೋಗಿದ್ದೀರಿ?

ಆ ಪಟ್ಟಣದಲ್ಲಿ ಪಾಸ್ಕೊಲ ಎಂಬ ಪಾವಿನವನೂ ಅವನ ಹೆಂಡತಿ ಸೆರಾಪಿನಳೂ ಇದ್ದರು. ಹಿಟ್ಟು ನಾದುವ ಗುಟ್ಟು ಗೊತ್ತಿದ್ದವಳು ಪಾಸ್ಕೊಲನ ಅಕ್ಕ ನತಾಲಿಯಾ. ಒಂದು ವರ್ಷ ಊರಿಗೆ ರೋಗ ಬಂದು, ನತಾಲಿಯಾಳನ್ನು ಅಳಿವೆಯ ಆಚೆಯ ರೋಗಿಗಳ ಶೆಡ್ಡಿಗೆ ಸಾಗಿಸಿದರು. ಆಕೆ ಸತ್ತಳೆಂದು ಯಾರೋ ಹೇಳಿದರು. ಪಾಸ್ಕೊಲ ಅತ್ತ, ಗೋರಿ ಎಲ್ಲಿ ಎಂದು ಕೇಳಲಿಲ್ಲ. ಸೆರಾಪಿನ ಆಕೆಯ ಆತ್ಮಶಾಂತಿಗೆ ಪೂಜೆ ಮಾಡಿಸಿದಳು, ಅವಳೂ ಕೇಳಲಿಲ್ಲ.

ಅಂದಿನಿಂದ ಪ್ರತಿ ಹಬ್ಬಕ್ಕೂ ಒಂದು ಕಿವಿಹರುಕ ನಾಯಿ ಅವರ ಬಾಗಿಲಿಗೆ ಬಂದು, ಅವರದೇ ಒಲೆಯ ಪಾವು ಕಚ್ಚಿಕೊಂಡು, ತಿನ್ನದೆ ಹೋಗುತ್ತಿತ್ತು. ರೇಷ್ಮೆ ಸೀರೆ ಉಟ್ಟ ಸೆರಾಪಿನಳಿಗೆ ಬೀದಿನಾಯಿಯ ಹಿಂದೆ ಓಡುವುದು ಮರ್ಯಾದೆಗೇಡು ಅನ್ನಿಸಿ, ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೀಗೆ ಮೂರು ಹಬ್ಬ ಕಳೆಯಿತು. ಆ ಮೂರು ವರ್ಷದಲ್ಲಿ ಎಷ್ಟು ಶೇಂದಿ ಹಾಕಿ ಹುದುಗಿಸಿದರೂ ಹಿಟ್ಟು ಉಬ್ಬಲಿಲ್ಲ, ಪಾವು ಕಲ್ಲಾಯಿತು, ಗಿರಾಕಿಗಳು ಬೇರೆ ಬೀದಿಗೆ ತಿರುಗಿದರು. ಈ ಹಬ್ಬ ಕಳೆದರೆ ಒಲೆ ಆರಿಸಿ, ಹಡಗಿನ ಉಗಿಯಂತ್ರಕ್ಕೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಹೋಗುತ್ತೇನೆಂದು ಪಾಸ್ಕೊಲ ಗಂಟು ಕಟ್ಟಿದ.

ಸೆರಾಪಿನ ಅಳುತ್ತ ಇಗರ್ಜಿಯ ಮೆಟ್ಟಿಲಲ್ಲಿ ಕುಳಿತಿರಲು, ಗಂಟೆ ಬಾರಿಸುವ ಮುದುಕ ಬಲ್ತಜಾರ ಎಲ್ಲವನ್ನೂ ಕೇಳಿ, “ಅಲ್ಲ ಮಾರಾಯ್ತಿ, ಆ ನಾಯಿ ಎಲ್ಲಿಗೆ ಹೋಗ್ತದೆ ಅಂತ ಒಮ್ಮೆಯಾದ್ರೂ ನೋಡಿದ್ದೀಯಾ?” ಎಂದ.

ನಾಲ್ಕನೆಯ ಹಬ್ಬದಂದು ನಾಯಿ ಬಂತು, ಪಾವು ಕಚ್ಚಿತು, ಹೊರಟಿತು. ಸೆರಾಪಿನ ಚಪ್ಪಲಿ ಬಿಟ್ಟು ಹೊರಟಳು. ಮೆರವಣಿಗೆಯ ಬ್ಯಾಂಡಿನವರ ನಡುವೆ ನುಗ್ಗಿ, ಜನ ನಗುತ್ತಿರಲು, ಮೀನುಪೇಟೆ ದಾಟಿ, ಅಳಿವೆಯ ಕೆಸರಿನಲ್ಲಿ ಸೀರೆ ಎತ್ತಿಕಟ್ಟಿ ನಡೆದಳು. ಮೊದಲು ಸಿಟ್ಟಿತ್ತು, ಹೋಗಹೋಗುತ್ತ ಇದು ಯಾರಿಗೆ ಒಯ್ಯುತ್ತಿರಬಹುದು ಎಂಬ ಯೋಚನೆಯೊಂದೇ ಉಳಿಯಿತು.

ಪಾಳುಬಿದ್ದ ಶೆಡ್ಡಿನ ಬಾಗಿಲಲ್ಲಿ ಮುಖದ ತುಂಬ ಕಲೆಯಿದ್ದ ಹೆಂಗಸೊಬ್ಬಳು ಬಲೆ ಹೆಣೆಯುತ್ತಿದ್ದಳು. ನಾಯಿ ಪಾವನ್ನು ಅವಳ ಮಡಿಲಿಗೆ ಹಾಕಿತು. ಅವಳು ಅದನ್ನು ಮುರಿದು, ಅರ್ಧ ನಾಯಿಗೆ ಕೊಟ್ಟು, ಉಳಿದರ್ಧ ಅಗಿದು, ತಲೆ ಎತ್ತಿ ನೋಡಿದಳು. ನತಾಲಿಯಾ! ವಾಸಿಯಾಗಿದ್ದಳು, ಕರೆಯಲು ಯಾರೂ ಬಾರದ್ದರಿಂದ ಅಲ್ಲೇ ಉಳಿದಿದ್ದಳು.

“ಶೇಂದಿ ಹುಳಿಯಾಗುವ ಮೊದಲೇ ಹಾಕ್ತೀಯಲ್ಲ ಸೆರಾಪಿನ್, ನಾಲ್ಕು ಹಬ್ಬದಿಂದ ನೋಡ್ತಿದ್ದೇನೆ,” ಎಂದಳು. “ನೀವಿಬ್ಬರೂ ಸುಖವಾಗಿಲ್ಲ ಅಂತ ಪಾವು ತಿಂದಾಗಲೇ ಗೊತ್ತಾಗ್ತಿತ್ತು.”

ಸೆರಾಪಿನ ಕೆಸರಿನಲ್ಲೇ ಕುಸಿದು, “ತಪ್ಪಾಯ್ತು ಅಕ್ಕಾ, ಮನೆಗೆ ಬಾ,” ಎಂದು ಕಾಲು ಹಿಡಿದು, ಗೋಳೋ ಎಂದು ಅತ್ತು, ಆಕೆಯನ್ನು ಕೈಹಿಡಿದು ಕರೆತಂದಳು. ಪಾಸ್ಕೊಲ ಗಂಟು ಬಿಚ್ಚಿದ. ಮರುದಿನ ನತಾಲಿಯಾ ನಾದಿದ ಹಿಟ್ಟು ಮೇಲೆ ಮುಚ್ಚಿದ ಬಟ್ಟೆಯನ್ನೇ ಎತ್ತಿಕೊಂಡು ಉಬ್ಬಿತು. ಆ ಒಲೆ ಮತ್ತೆ ಆರಲಿಲ್ಲ.

ಇದನ್ನು ಓದಿದವರ, ಕೇಳಿದವರ, ಇನ್ನೊಬ್ಬರಿಗೆ ಹೇಳಿದವರ ಒಲೆಯೂ ಹಾಗೆಯೇ ಉರಿಯಲಿ. ಸತ್ತರೆಂದು ಬಿಟ್ಟವರು ಊಟದ ಹೊತ್ತಿಗೆ ಮನೆ ಸೇರಲಿ. ಕೈಯ ಪಾವನ್ನು ಇನ್ನೂ ತಿನ್ನಬೇಡಿ. ಏಳಿ, ಬಾಗಿಲಲ್ಲಿ ನಾಯಿ ಬಂದು ನಿಂತಿದೆ.