ದೊಡ್ಡ ತಟ್ಟೆಯ ಖರ್ಚು

"ಗುರುಗಳೇ, ಬೆಳೆಯಲು ಒಲ್ಲದವರಿಗೆ ಬುದ್ಧಿ ಹೇಳುವುದು ಹೇಗೆ?" ಎಂದು ಉಮಾಪತಿ ಕೇಳಿದ.

ಅವನು ಚಿಪ್ ಮಾಡುವ ಕಾರ್ಖಾನೆಯೊಂದರ ಅಧಿಕಾರಿ. ಬಿಡುವಾದಾಗ ಬಂದು ಗುರುಗಳ ಬಳಿ ಕೂರುತ್ತಿದ್ದ.

"ಯಾರಿಗೆ ಹೇಳಬೇಕು?"

"ಯಂತ್ರ ಮಾಡಿಕೊಡುವವರಿಗೆ. ನಾವು ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮಾಡುತ್ತೇವೆ. ಬಿಲ್ಲೆ ದೊಡ್ಡದಾದರೆ ಅಷ್ಟೇ ಕೆಲಸಕ್ಕೆ ಹೆಚ್ಚು ಚಿಪ್ ಸಿಗುತ್ತದೆ, ಒಂದೊಂದರ ಖರ್ಚು ಇಳಿಯುತ್ತದೆ. ಆದರೆ ದೊಡ್ಡ ಬಿಲ್ಲೆಗೆ ಎಲ್ಲ ಯಂತ್ರವೂ ಹೊಸದಾಗಬೇಕು. ಅವರು ಜಪ್ಪಯ್ಯ ಎಂದರೂ ಒಪ್ಪುತ್ತಿಲ್ಲ. ಒಪ್ಪಿಸಿ ಬಾ ಎಂದು ನಮ್ಮ ಯಜಮಾನರು ನಾಳೆ ನನ್ನನ್ನು ಕಳಿಸುತ್ತಿದ್ದಾರೆ. ಅವರ ಮನಸ್ಸಿಗೆ ನಾಟುವಂಥ ಒಂದು ಮಾತು ಹೇಳಿಕೊಡಿ."

ಗುರುಗಳ ಮುಖ ಬಿಗಿಯಾಯಿತು. "ಮಾತು ಆಮೇಲೆ. ಮೊದಲು ಕತೆ ಕೇಳು" ಎಂದರು.

ಒಬ್ಬ ಸಾಹುಕಾರನಿದ್ದ. ರೇಷ್ಮೆ ಹುಳು ಸಾಕಿಸುತ್ತಿದ್ದ. ಹುಳುಗಳನ್ನು ಬಿದಿರಿನ ದುಂಡು ತಟ್ಟೆಗಳಲ್ಲಿ ಬಿಟ್ಟು ಸೊಪ್ಪು ಹಾಕುತ್ತಾರೆ. ಆ ತಟ್ಟೆಗಳನ್ನು ಹೆಣೆದು ಕೊಡುತ್ತಿದ್ದವರು ಅದೇ ಊರಿನ ಮೂರು ಮನೆಯ ಮೇದರು.

ಸಾಹುಕಾರ ಜಾಣ. ತಟ್ಟೆ ಚಿಕ್ಕದಿರಲಿ ದೊಡ್ಡದಿರಲಿ, ಅದನ್ನು ಕೆಳಗಿಳಿಸಿ, ಕಸ ತೆಗೆದು, ಮತ್ತೆ ಮೇಲೇರಿಸುವ ಕೆಲಸ ಹೆಚ್ಚುಕಡಿಮೆ ಒಂದೇ ಎಂದು ಕಂಡುಕೊಂಡ. ಎರಡು ತಟ್ಟೆಯ ಹುಳು ಒಂದರಲ್ಲೇ ಹಿಡಿಸಿದರೆ ಅರ್ಧ ಕೂಲಿ ಉಳಿಯುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಅದನ್ನು ನಾನೂ ಒಪ್ಪುತ್ತೇನೆ.

ಅವನು ಮೇದರನ್ನು ಕರೆಸಿ ದೊಡ್ಡ ತಟ್ಟೆ ಹೆಣೆಯಿರಿ ಎಂದ. ಅವರಲ್ಲಿ ಹಿರಿಯವನು ತಲೆ ಕೆರೆದುಕೊಂಡ.

"ಬುದ್ಧಿ, ಅಷ್ಟುದ್ದದ ಬಿದಿರು ಇಲ್ಲಿ ಸಿಗಾಕಿಲ್ಲ. ಬಗ್ಸಕ್ಕೆ ಒಲೆ ಬೇರೆ ಕಟ್ಬೇಕು. ಕೈ ಕುದುರೋಗಂಟ ಎಷ್ಟು ಮುರೀತದೋ ಏನೋ. ಅದೆಲ್ಲ ಯಾರ ತಲೆ ಮ್ಯಾಲೆ?"

"ಕಸುಬು ನಿಮ್ದು, ಕಲಿಯೋದೂ ನಿಮ್ದೇ" ಎಂದ ಸಾಹುಕಾರ. "ಕೊಳ್ಳೋಕೆ ನಾನಿಲ್ವಾ? ನಾನು ಬೆಳೆದ್ರೆ ನೀವೂ ಬೆಳೀತೀರಿ."

ತಾನು ಮಾಡದಿದ್ದರೆ ಪಕ್ಕದ ಮನೆಯವನು ಮಾಡಿಯಾನು ಎಂಬ ಭಯ ಮೂವರಿಗೂ ಇತ್ತು. ಮೂವರೂ ಹಿತ್ತಿಲಲ್ಲಿ ಹೊಸ ಒಲೆ ಕಟ್ಟಿದರು. ದೂರದ ಕಾಡಿನಿಂದ ಬಿದಿರು ತರಿಸಿದರು. ಬಗ್ಗಿಸುವಾಗ ಅಂಚಿನ ದಬ್ಬೆ ಮುರಿಯಿತು. ಮತ್ತೆ ತರಿಸಿದರು, ಮತ್ತೆ ಮುರಿಯಿತು. ಈ ಖರ್ಚಿಗೆ ಹೆಂಗಸರ ಕಿವಿಯ ಓಲೆ ಹೋಯಿತು, ಬಿದಿರು ಹೊರುವ ಕತ್ತೆಗಳೂ ಹೋದವು. ಕೊನೆಗೆ ತಟ್ಟೆ ಮುರಿಯದೆ ನಿಂತಿತು. ಸಾಹುಕಾರ ಅದನ್ನು ತಿರುಗಿಸಿ ನೋಡಿ, ಈ ವರ್ಷ ರೇಷ್ಮೆ ಗೂಡಿಗೆ ದರವಿಲ್ಲ, ಮುಂದಿನ ವರ್ಷ ನೋಡೋಣ ಎಂದ. ಎಂಥ ಮಾತು ನೋಡು! ಅವರು ಒಂದು ವರ್ಷ ಗಂಜಿ ಕುಡಿದು ಕಾದರು.

ಮುಂದಿನ ವರ್ಷ ಕೊಂಡ. ಆದರೆ ಎರಡರ ಹುಳು ಒಂದರಲ್ಲಿ ಹಿಡಿಸುವಾಗ ಮೊದಲಿನಷ್ಟು ತಟ್ಟೆ ಯಾರಿಗೆ ಬೇಕು? ಅರ್ಧ ಸಾಕಾಯಿತು. ಬೆಲೆಯಲ್ಲಿ ನಾಲ್ಕು ಕಾಸು ಏರಿಸಿದ, ಅಷ್ಟೇ. ಮೂರು ಮನೆಗೆ ಹೊಟ್ಟೆ ತುಂಬುವಷ್ಟು ಕೆಲಸ ಉಳಿಯಲಿಲ್ಲ. ಒಂದು ಮನೆಯವರು ರಸ್ತೆಗೆ ಜಲ್ಲಿ ಒಡೆಯಲು ಹೋದರು. ಇನ್ನೊಂದು ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಊರೇ ಬಿಟ್ಟರು. ಸೀರೆ ತುಸು ಅಗ್ಗವಾಯಿತು, ಅದು ನಿಜ. ಊರು ಸಾಹುಕಾರನನ್ನು ಹೊಗಳಿತು. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಕೆಲವು ವರ್ಷ ಕಳೆಯಿತು. ಸಾಹುಕಾರ ಉಳಿದ ಒಂದು ಮನೆಯ ಮುಂದೆ ಬಂದು ನಿಂತ. ಈ ತಟ್ಟೆಯೂ ಸಾಲದು, ಇನ್ನೂ ದೊಡ್ಡದು ಬೇಕು ಎಂದ. ಮೇದರವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಬಿದಿರು ಸೀಳುತ್ತಿದ್ದ ಕತ್ತಿ ಕೆಳಗಿಟ್ಟು ಎದ್ದು ಬಂದಳು.

"ಆಗ್ಲಿ ಬುದ್ಧಿ, ಹೆಣೀತೀವಿ. ಒಲೆ ನೀವು ಕಟ್ಸಿ. ಬಿದಿರು ನೀವು ತರ್ಸಿ. ಮುರಿದದ್ದಕ್ಕೂ ಕೂಲಿ ಕೊಡಿ."

ಸಾಹುಕಾರ ತಿರುಗಿ ನಡೆದ. ಸಂಜೆಯ ಹೊತ್ತಿಗೆ ಕಟ್ಟೆಯ ಮೇಲೆ ಕೂತು, ಈ ಜನಕ್ಕೆ ದುರಾಸೆ ಹತ್ತಿದೆ, ಇವರಿಂದ ಊರು ಮುಂದೆ ಬರುವುದಿಲ್ಲ ಎಂದ. ಕೂತವರೆಲ್ಲ ಹೌದೆಂದು ತಲೆಯಾಡಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಉಮಾಪತಿ, "ಹಾಗಾದರೆ ನಾಳೆ ನಾನು ಅವರಿಗೆ ಏನು ಹೇಳಲಿ?" ಎಂದ.

"ಅವರಿಗೆ ಏನೂ ಹೇಳಬೇಡ, ಹೊಸ ಯಂತ್ರದ ಖರ್ಚಿನಲ್ಲಿ ನಮ್ಮ ಪಾಲೆಷ್ಟು ಎಂದು ಇವತ್ತೇ ಹೋಗಿ ನಿನ್ನ ಯಜಮಾನನನ್ನು ಕೇಳು."